ನಗುವನ್ನು ತಡೆಯದೆ ‘ಸಿಟಿ ಲೈಟ್ಸ್’ ತೋರಿಸಿದ ಬಗೆ

ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವೆ ಇರುವ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಶಿಕ್ಷಕಿ. ಚಾರ್ಲಿ ಚಾಪ್ಲಿನ್ 1931ರಲ್ಲಿ ತೆರೆಗೆ ತಂದ ‘ಸಿಟಿ ಲೈಟ್ಸ್’ ಚಿತ್ರವನ್ನು ಕೆಲವು ವರ್ಷಗಳಿಂದ ನಮ್ಮ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿಗೂ ಅವರ ತಂದೆತಾಯಂದಿರಿಗೂ ಒಟ್ಟಿಗೆ ಕೂರಿಸಿ ತೋರಿಸುತ್ತ ಬಂದಿದ್ದೇನೆ. ಮನೆಯಿಲ್ಲದ, ಕೆಲಸವಿಲ್ಲದ, ಪಟ್ಟಣದಲ್ಲಿ ಯಾರಿಗೂ ಬೇಡವಾದ ಒಬ್ಬ ಅಲೆಮಾರಿಯು ಕಣ್ಣು ಕಾಣದ ಹೂ ಮಾರುವ ಹುಡುಗಿಗೆ ದೃಷ್ಟಿ ಬರಲೆಂದು ತನ್ನಿಂದಾಗುವುದನ್ನೆಲ್ಲ ಮಾಡಿ, ಕಡೆಗೆ ಸೆರೆಮನೆಯನ್ನೂ ಸೇರಿ ಬರುವ ಕಥೆ ಅದು. ಶಾಲೆಗಳಲ್ಲಿ ಹಾಗೂ ಗ್ರಾಮಗಳಲ್ಲಿ ಚಿತ್ರ ತೋರಿಸಬೇಕೆಂದಿರುವ ಇತರ ಶಿಕ್ಷಕರಿಗೆ ಉಪಯೋಗವಾದೀತೆಂಬ ಆಸೆಯಿಂದ, ಈ ಒಂದು ಚಿತ್ರವನ್ನು ನಾನು ಹೇಗೆ ತೋರಿಸುತ್ತೇನೆ, ಹಾಗೆಯೇ ತೋರಿಸಬೇಕೆಂದು ಏಕೆ ಅಂದುಕೊಂಡಿದ್ದೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಪಾಲಿಸುವ ಮುಖ್ಯ ನಿಯಮ ಒಂದೇ. ಚಿತ್ರ ಶುರುವಾಗುವ ಮೊದಲು ಆ ಅಲೆಮಾರಿಯ ಬಗ್ಗೆ ಮರುಕ ಹುಟ್ಟಿಸುವ ಒಂದು ಮಾತನ್ನೂ ಆಡುವುದಿಲ್ಲ. ‘ಇವನು ಬಡವ, ಆದರೆ ಹೃದಯವಂತ, ಇವನನ್ನು ನೋಡಿ ನಾವು ಕಲಿಯಬೇಕು’ ಎಂದು ಪೀಠಿಕೆ ಹಾಕಿಬಿಟ್ಟರೆ ಮಕ್ಕಳು ಕೈಕಟ್ಟಿ ಕುಳಿತು, ನಗಬೇಕಾದಲ್ಲಿ ನಗದೆ, ಶಿಕ್ಷಕಿಯ ಮುಖ ನೋಡುತ್ತಾರೆ. ಈ ಚಿತ್ರದ ಕೊನೆಯ ದೃಶ್ಯವಾದರೋ ನೋಡುವವರು ಅಲ್ಲಿಯವರೆಗೆ ಮನಬಿಚ್ಚಿ ನಕ್ಕಿರಬೇಕೆಂದು ಬೇಡುತ್ತದೆ. ಆ ಮನುಷ್ಯನನ್ನು ನೋಡಿ ಒಂದೂ ಕಾಲು ಗಂಟೆಗಿಂತ ಹೆಚ್ಚು ಹೊತ್ತು ನಕ್ಕವರಿಗೆ ಮಾತ್ರ ಕೊನೆಯಲ್ಲಿ ಅವನ ಗುರುತು ಸಿಗದೆ ಅಂಗಡಿಯ ಗಾಜಿನ ಆಚೆಗೆ ನಿಂತು ನಗುವ ಆ ಹೂವಿನ ಹುಡುಗಿಯ ಪಕ್ಕದಲ್ಲೇ ತಾವೂ ನಿಂತಿದ್ದೇವೆಂಬುದು ತಟ್ಟುತ್ತದೆ. ಕೋಣೆಯ ಏರ್ಪಾಡು, ಓದುವ ಮಾತು, ಓದದೆ ಬಿಡುವ ಮಾತು, ಆಮೇಲಿನ ಚರ್ಚೆ, ಎಲ್ಲವನ್ನೂ ನಾನು ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊಂದಿಸುತ್ತೇನೆ.

ಈ ಚಿತ್ರವನ್ನೇ ಆರಿಸಿಕೊಂಡದ್ದಕ್ಕೆ ಮೊದಲ ಕಾರಣ ನಮ್ಮ ಊರಿನ ಭಾಷೆಗಳು. ನಮ್ಮ ಒಂದೇ ತರಗತಿಯಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಮಲಯಾಳದವರು, ತುಳು ಮತ್ತು ತಮಿಳು ಆಡುವವರು, ಹಾಡಿಯಿಂದ, ಅಂದರೆ ಬುಡಕಟ್ಟು ಜನರ ವಸತಿಯಿಂದ, ಬರುವ ಎರವ ಸಮುದಾಯದ ಮಕ್ಕಳು, ಈಚಿನ ವರ್ಷಗಳಲ್ಲಿ ತೋಟದ ಕೆಲಸಕ್ಕೆಂದು ಅಸ್ಸಾಮಿನಿಂದ ಬಂದ ಕುಟುಂಬಗಳ ಮಕ್ಕಳು ಎಲ್ಲರೂ ಇದ್ದಾರೆ. ಮಕ್ಕಳೆಲ್ಲ ಕನ್ನಡದಲ್ಲಿ ವ್ಯವಹರಿಸಿದರೂ ಅವರ ಅಜ್ಜಿಯಂದಿರಿಗೆ, ಎಷ್ಟೋ ಮಂದಿ ತಾಯಂದಿರಿಗೆ ಸಂಭಾಷಣೆಯೇ ಪ್ರಧಾನವಾದ ಕನ್ನಡ ಚಿತ್ರ ಪೂರ್ತಿ ದಕ್ಕುವುದಿಲ್ಲ. ‘ಸಿಟಿ ಲೈಟ್ಸ್’ ಬಂದ ಕಾಲಕ್ಕೆ ಅಮೆರಿಕದಲ್ಲಿ ಮಾತನಾಡುವ ಚಿತ್ರಗಳು ಶುರುವಾಗಿ ಮೂರು ವರ್ಷ ದಾಟಿತ್ತು. ಎಲ್ಲರೂ ಮಾತಿನ ಹಿಂದೆ ಹೋಗುತ್ತಿದ್ದಾಗ ಚಾಪ್ಲಿನ್ ಮಾತ್ರ ಹಟ ಹಿಡಿದು, ಸಂಗೀತವನ್ನೂ ಕೆಲವು ಸದ್ದುಗಳನ್ನೂ ಸೇರಿಸಿ, ಪಾತ್ರಗಳ ಬಾಯಿಗೆ ಮಾತು ಕೊಡದೆ ಚಿತ್ರ ಮಾಡಿದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು ಇದಾದ ಮೇಲೆ, 1934ರಲ್ಲಿ. ಆ ಹಟದ ಫಲವನ್ನು ಇಷ್ಟು ವರ್ಷಗಳ ನಂತರ ಕೊಡಗಿನ ಒಂದು ಶಾಲೆಯಲ್ಲಿ ನಾವು ಉಣ್ಣುತ್ತಿದ್ದೇವೆ. ಭಾಷೆ ಬಾರದ ಅಜ್ಜಿಯೂ ಭಾಷೆ ಬಲ್ಲ ಮೊಮ್ಮಗಳೂ ಒಂದೇ ಕ್ಷಣದಲ್ಲಿ ನಗುತ್ತಾರೆ.

ಏರ್ಪಾಡಿನ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಶಾಲೆಯ ಚಟುವಟಿಕೆಯ ಭಾಗವಾಗಿ, ಶಿಕ್ಷಕರು, ವಿದ್ಯಾರ್ಥಿಗಳು, ಅವರ ಪೋಷಕರು ಹಾಗೂ ಶಾಲೆಯ ಕೆಲಸಕ್ಕೆ ಸಂಬಂಧಪಟ್ಟವರು ಮಾತ್ರ ಇರುವ ಸಭೆಗೆ ಚಲನಚಿತ್ರ ತೋರಿಸಲು ಅವಕಾಶವಿದೆ. ಆದ್ದರಿಂದ ನಾನು ಊರಿಗೆಲ್ಲ ಡಂಗುರ ಸಾರದೆ, ಹಣ ಪಡೆಯದೆ, ಪೋಷಕರ ಸಭೆಯ ದಿನವೇ ಚಿತ್ರವನ್ನು ಇಟ್ಟುಕೊಳ್ಳುತ್ತೇನೆ. ದುಡ್ಡು ಕೊಟ್ಟು ತರಿಸಿದ ಡಿವಿಡಿಯನ್ನೇ ಬಳಸುತ್ತೇನೆ. ಜೂನ್, ಜುಲೈ, ಆಗಸ್ಟ್ ತಿಂಗಳುಗಳು ಮಳೆಗೂ ರಜೆಗೂ ಹೋಗುತ್ತವೆ. ಕಾಫಿ ಕುಯ್ಲು ಶುರುವಾದರೆ ತಾಯಂದಿರಿಗೆ ಬಿಡುವಿರುವುದಿಲ್ಲ, ದೊಡ್ಡ ಮಕ್ಕಳಲ್ಲಿ ಕೆಲವರೂ ತೋಟಕ್ಕೆ ಹೋಗುತ್ತಾರೆ. ಹೀಗಾಗಿ ಸೆಪ್ಟೆಂಬರಿನಲ್ಲಿ ಬರುವ ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ಕಳೆದ ಮೇಲೆ, ಕುಯ್ಲಿಗೆ ಮುಂಚೆ ಸಿಗುವ ಒಂದು ಶನಿವಾರದ ಮಧ್ಯಾಹ್ನವೇ ನಮಗೆ ಅನುಕೂಲ. ಸಂಜೆಗೆ ಎಂದೂ ಇಡುವುದಿಲ್ಲ. ನಮ್ಮ ಕಡೆಯ ತೋಟಗಳಲ್ಲಿ ಕತ್ತಲಾಗುವ ಹೊತ್ತಿಗೆ ಆನೆ ಓಡಾಡುತ್ತದೆ. ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗೂ ಹಾಡಿಗೂ ನಡೆದುಹೋಗುವವರು ಬೆಳಕಿರುವಾಗಲೇ ಮನೆ ಸೇರಬೇಕು. ಚಿತ್ರ ಒಂದೂವರೆ ಗಂಟೆಗೆ ಕೆಲವೇ ನಿಮಿಷ ಕಡಿಮೆ. ಎರಡು ಗಂಟೆಗೆ ಶುರು ಮಾಡಿದರೆ ಚರ್ಚೆಯೂ ಸೇರಿ ನಾಲ್ಕೂವರೆಗೆ ಎಲ್ಲರನ್ನೂ ಕಳುಹಿಸಬಹುದು.

ಹಗಲಿನಲ್ಲಿ ತೋರಿಸುವುದರಿಂದ ಕೋಣೆಯನ್ನು ಕತ್ತಲು ಮಾಡುವುದೇ ದೊಡ್ಡ ಕೆಲಸ. ಕಾಳುಮೆಣಸು ಒಣಗಿಸಲು ಹಾಸುವ ದಪ್ಪ ಟಾರ್ಪಾಲುಗಳನ್ನು ಮಕ್ಕಳ ಮನೆಗಳಿಂದ ಕೇಳಿ ತಂದು ಕಿಟಕಿಗಳಿಗೆ ಕಟ್ಟಿಸುತ್ತೇನೆ. ಬಾಗಿಲ ಸಂದಿಗೆ ಗೋಣಿಚೀಲ ಸಾಕು. ಬಟ್ಟೆಯ ಪರದೆಗಿಂತ ಸುಣ್ಣ ಬಳಿದ ಗೋಡೆಯೇ ಚೆನ್ನಾಗಿ ಒದಗುತ್ತದೆ, ಏಕೆಂದರೆ ಗಾಳಿಗೆ ಪರದೆ ಅಲುಗಿದರೆ ಈ ಚಿತ್ರದಲ್ಲಿ ಮುಖದ ಸಣ್ಣ ಬದಲಾವಣೆಗಳು ಕಳೆದುಹೋಗುತ್ತವೆ. ಪ್ರೊಜೆಕ್ಟರಿನಲ್ಲಿ ಚಿತ್ರದ ಅಳತೆಯನ್ನು ತಪ್ಪದೆ ನೋಡಿಕೊಳ್ಳಬೇಕು. ಹಳೆಯ ಚಿತ್ರದ ಚೌಕಟ್ಟು ಹೆಚ್ಚು ಕಡಿಮೆ ಚೌಕವಾಗಿಯೇ ಇರುತ್ತದೆ. ಈಗಿನ ಯಂತ್ರಗಳು ಅದನ್ನು ಅಗಲಕ್ಕೆ ಎಳೆದು ತೋರಿಸಿದರೆ ಆ ತೆಳ್ಳನೆಯ ಮನುಷ್ಯ ಸ್ಥೂಲಕಾಯನಾಗಿ ಕಾಣುತ್ತಾನೆ, ಅವನ ನಡಿಗೆಯ ಲಯವೇ ಕೆಡುತ್ತದೆ. ಎರಡೂ ಬದಿಯಲ್ಲಿ ಕಪ್ಪು ಉಳಿದರೂ ಚಿಂತೆಯಿಲ್ಲ, ಮೂಲದ ಅಳತೆಯಲ್ಲೇ ಇರಲಿ. ಸದ್ದಿಗೆ ಎರಡು ಸಾಧಾರಣ ಸ್ಪೀಕರುಗಳಿವೆ. ತಗಡಿನ ಚಾವಣಿಯ ಮೇಲೆ ಮಳೆ ಸುರಿದರೆ ಮಾತಿನ ಚಿತ್ರವಾದರೆ ನಿಲ್ಲಿಸಲೇಬೇಕಾಗುತ್ತದೆ. ಇಲ್ಲಿ ಸಂಗೀತ ಸ್ವಲ್ಪ ಮಸುಕಾದರೂ ಕಥೆ ನಿಲ್ಲುವುದಿಲ್ಲ. ಕರೆಂಟು ಹೋಗುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ ಇನ್ವರ್ಟರಿನ ಬ್ಯಾಟರಿಯನ್ನು ಹಿಂದಿನ ದಿನವೇ ಪೂರ್ತಿ ಚಾರ್ಜ್ ಮಾಡಿಸಿರುತ್ತೇನೆ.

ಕೂರುವ ವ್ಯವಸ್ಥೆಯ ಬಗ್ಗೆ ನಾನು ಹೆಚ್ಚು ಕಾಳಜಿ ವಹಿಸುತ್ತೇನೆ. ಕುರ್ಚಿ ಹಾಕಿದರೆ ಮುಂದಿನ ಸಾಲಿನಲ್ಲಿ ತೋಟದ ಮಾಲೀಕರೂ ಲೆಕ್ಕ ಬರೆಯುವ ರೈಟರೂ ಅಂಗಡಿಯವರೂ ಕೂರುತ್ತಾರೆ. ಲೈನ್ ಮನೆಯವರು ಹಿಂದಕ್ಕೆ ಸರಿಯುತ್ತಾರೆ. ಹಾಡಿಯಿಂದ ಬಂದವರು ಎಷ್ಟು ಕರೆದರೂ ಬಾಗಿಲ ಬಳಿಯೇ ನಿಲ್ಲುತ್ತಾರೆ. ಯಾರೂ ಯಾರಿಗೂ ಹೀಗೆ ಮಾಡೆಂದು ಹೇಳಿರುವುದಿಲ್ಲ, ಆದರೂ ಅದು ತಾನಾಗಿ ನಡೆದುಹೋಗುತ್ತದೆ. ಸಮಾಜ ಹೊರಗಿಟ್ಟ ಒಬ್ಬ ಮನುಷ್ಯನ ಕಥೆಯನ್ನು ಹೀಗೆ ಕೂತು ನೋಡುವುದರಲ್ಲಿ ಅರ್ಥವಿಲ್ಲವೆಂದು ನನಗನಿಸಿತು. ಆದ್ದರಿಂದ ಕೋಣೆಯಲ್ಲಿ ಕುರ್ಚಿಯನ್ನೇ ಇಡದೆ ನೆಲಕ್ಕೆಲ್ಲ ಚಾಪೆ ಹಾಸಿ, ಮಂಡಿನೋವಿನವರಿಗೆಂದು ಗೋಡೆಯ ಬದಿಗೆ ಮಾತ್ರ ಬೆಂಚು ಇಡುತ್ತೇನೆ. ಮಕ್ಕಳನ್ನು ತಮ್ಮ ತಮ್ಮ ಮನೆಯವರ ಕೈಹಿಡಿದು ಕರೆತಂದು ಜೊತೆಯಲ್ಲಿ ಕೂರಿಸಿಕೊಳ್ಳಲು ಹೇಳುತ್ತೇನೆ. ತರಗತಿಯಲ್ಲಿ ಒಟ್ಟಿಗೆ ಕೂರುವ ಗೆಳತಿಯರಿಬ್ಬರು ಪಕ್ಕಪಕ್ಕದಲ್ಲಿ ಕುಳಿತರೆ ಅವರ ಅಮ್ಮಂದಿರೂ ಪಕ್ಕಪಕ್ಕದಲ್ಲೇ ಕುಳಿತಂತಾಗುತ್ತದೆ. ದೊಡ್ಡವರಿಗೆ ನಾನು ಹೇಳಬೇಕಾಗಿದ್ದುದನ್ನು ಮಕ್ಕಳೇ ಮಾಡಿಬಿಡುತ್ತಾರೆ.

ಚಿತ್ರದ ನಡುವೆ ಬರುವ ಇಂಗ್ಲಿಷ್ ಬರಹದ ಫಲಕಗಳು ಹೆಚ್ಚಿಲ್ಲ, ಇರುವವೂ ಚಿಕ್ಕವು. ಅವನ್ನು ಮೊದಲೇ ಕನ್ನಡಕ್ಕೆ ತಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಓದುವವಳು ನಾನಲ್ಲ, ಹತ್ತನೆಯ ತರಗತಿಯ, ಸ್ಪಷ್ಟವಾಗಿ ಓದಬಲ್ಲ ಒಬ್ಬ ವಿದ್ಯಾರ್ಥಿನಿಗೆ ಆ ಕೆಲಸ ಕೊಡುತ್ತೇನೆ. ಮೈಕು ಬೇಡ. ನಾಟಕೀಯವಾಗಿ ಓದಬಾರದು, ಅಳುವ ದನಿಯನ್ನೋ ನಗುವ ದನಿಯನ್ನೋ ತರಬಾರದು, ಪತ್ರ ಓದಿ ಹೇಳುವಷ್ಟು ಸಾದಾ ದನಿ ಸಾಕೆಂದು ಅವಳಿಗೆ ಹೇಳಿಕೊಡುತ್ತೇನೆ. ಅವಳು ಓದಿದ್ದನ್ನು ಮಕ್ಕಳು ತಮ್ಮ ಮನೆಯವರ ಕಿವಿಯಲ್ಲಿ ಮನೆಮಾತಿನಲ್ಲಿ ಹೇಳುತ್ತಾರೆ. ಆ ಪಿಸುಮಾತಿನ ಗುಜುಗುಜು ಕೋಣೆಯಲ್ಲಿ ಸದಾ ಇರುತ್ತದೆ, ನಾನು ಅದನ್ನು ನಿಲ್ಲಿಸುವುದಿಲ್ಲ. ಶುರುವಿನಲ್ಲಿ ನಾನು ಹೇಳುವುದು ಮೂರೇ ಸಂಗತಿ: ಇದು ಅಮೆರಿಕದಲ್ಲಿ ತೆಗೆದ ಹಳೆಯ ಕಪ್ಪು ಬಿಳುಪು ಚಿತ್ರ, ಇದರಲ್ಲಿ ಮಾತಿಲ್ಲ ಆದರೆ ಸಂಗೀತವಿದೆ, ನಗು ಬಂದರೆ ಜೋರಾಗಿ ನಗಬಹುದು.

ಮೊದಲ ದೃಶ್ಯದಲ್ಲಿಯೇ ಕೋಣೆ ಸಡಿಲವಾಗುತ್ತದೆ. ನಗರದ ಗಣ್ಯರು ಒಂದು ದೊಡ್ಡ ಸ್ಮಾರಕವನ್ನು ಅನಾವರಣ ಮಾಡುತ್ತಾರೆ. ಅವರ ಭಾಷಣ ಬರಿಯ ಕೀರಲು ಸದ್ದಾಗಿ ಕೇಳಿಸುತ್ತದೆ. ಮುಚ್ಚಿದ ಬಟ್ಟೆ ಮೇಲೇರಿದರೆ ಶಿಲ್ಪದ ಮಡಿಲಲ್ಲಿ ಅಲೆಮಾರಿ ಮಲಗಿದ್ದಾನೆ. ಎಲ್ಲರೂ ಬೈದು ಇಳಿಯೆಂದಾಗ ಅವನ ಷರಾಯಿ ಶಿಲ್ಪದ ಕತ್ತಿಗೆ ಸಿಕ್ಕಿಕೊಳ್ಳುತ್ತದೆ. ಅಷ್ಟರಲ್ಲಿ ರಾಷ್ಟ್ರಗೀತೆ ಮೊಳಗಲು ನೇತಾಡುತ್ತಲೇ ನೆಟ್ಟಗೆ ನಿಲ್ಲಲು ಪ್ರಯತ್ನಿಸುತ್ತಾನೆ. ಮಲಗಲು ಜಾಗವಿಲ್ಲದವನೊಬ್ಬ ಇಡೀ ಊರಿನ ಸಮಾರಂಭಕ್ಕೆ ಅಡ್ಡಿಯಾಗಿ ಕಾಣುವುದನ್ನು ಚಾಪ್ಲಿನ್ ಕೆಲವೇ ನಿಮಿಷದಲ್ಲಿ ತೋರಿಸಿ ಮುಗಿಸಿದ್ದಾರೆ, ನೋಡುವವರು ಮಾತ್ರ ನಗುತ್ತಲೇ ಇರುತ್ತಾರೆ. ಇಲ್ಲಿ ನಿಲ್ಲಿಸಿ ವಿವರಿಸಬೇಕೆಂಬ ಆಸೆ ಶಿಕ್ಷಕರಿಗೆ ಬಂದೇ ಬರುತ್ತದೆ. ಆ ಆಸೆಯನ್ನು ಬಿಡಬೇಕು.

ಹೂವಿನ ಹುಡುಗಿಯ ಮೊದಲ ದೃಶ್ಯಕ್ಕೆ ಮಾತ್ರ ನಾನು ಒಂದು ಸಹಾಯ ಮಾಡುತ್ತೇನೆ. ವಾಹನಗಳ ದಟ್ಟಣೆಯಲ್ಲಿ ರಸ್ತೆ ದಾಟಲು ಅಲೆಮಾರಿ ನಿಂತಿದ್ದ ಒಂದು ದೊಡ್ಡ ಕಾರಿನೊಳಗೆ ಹೊಕ್ಕು ಈಚೆಯ ಬಾಗಿಲಿನಿಂದ ಇಳಿಯುತ್ತಾನೆ. ಬಾಗಿಲು ಮುಚ್ಚಿದ ಸದ್ದು ಕೇಳಿದ ಕುರುಡು ಹುಡುಗಿ, ಕಾರಿನಿಂದ ಇಳಿದವನು ಯಾರೋ ಶ್ರೀಮಂತನೆಂದು ತಿಳಿದು ಹೂ ನೀಡುತ್ತಾಳೆ. ಕೆಳಗೆ ಬಿದ್ದ ಹೂವಿಗಾಗಿ ಅವಳು ಕೈಯಾಡಿಸಿದಾಗ ಅವಳಿಗೆ ಕಣ್ಣಿಲ್ಲವೆಂದು ಅವನಿಗೆ ತಿಳಿಯುತ್ತದೆ. ಚಿಲ್ಲರೆ ಕೊಡುವ ಮೊದಲೇ ಕಾರಿನ ನಿಜವಾದ ಯಜಮಾನ ಬಂದು ಹತ್ತಿ ಹೊರಟಾಗ, ಅವಳು ತನ್ನ ಗಿರಾಕಿ ಚಿಲ್ಲರೆಯನ್ನೂ ಬಿಟ್ಟು ಹೋದನೆಂದುಕೊಳ್ಳುತ್ತಾಳೆ. ಇವನು ಸದ್ದಾಗದಂತೆ ಹೆಜ್ಜೆ ಹಿಂದಿಡುತ್ತಾನೆ. ಕಣ್ಣು ಕಾಣದವಳು ತನ್ನನ್ನು ಧನಿಕನೆಂದು ತಿಳಿಯಲು ಕಾರಣವೇನಿರಬೇಕೆಂಬುದು ಚಾಪ್ಲಿನ್ನರಿಗೆ ಬಹುಕಾಲ ಹೊಳೆದಿರಲಿಲ್ಲ. ಅಭಿನೇತ್ರಿ ವರ್ಜೀನಿಯಾ ಚೆರಿಲ್ ಅವರನ್ನು ನಿಲ್ಲಿಸಿಕೊಂಡು ಈ ಭಾಗವನ್ನು 342 ಬಾರಿ ಚಿತ್ರೀಕರಿಸಿದರೆಂಬುದು ಪ್ರಸಿದ್ಧ ಸಂಗತಿ. 1928ರ ಕೊನೆಗೆ ಶುರುವಾದ ಚಿತ್ರೀಕರಣ 1930ರವರೆಗೂ ನಡೆಯಿತು. ಅಷ್ಟೆಲ್ಲ ಕಷ್ಟಪಟ್ಟು ಕಂಡುಕೊಂಡ ಆ ಕಾರಿನ ಬಾಗಿಲಿನ ಸದ್ದು ಚಿತ್ರದಲ್ಲಿ ಕಿವಿಗೆ ಕೇಳುವುದಿಲ್ಲ, ಬಾಗಿಲು ಮುಚ್ಚುವುದನ್ನು ಕಂಡು ನಾವೇ ಊಹಿಸಿಕೊಳ್ಳಬೇಕು. ಚುರುಕಾದ ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ. ಚಿತ್ರ ನೋಡಿ ಅಭ್ಯಾಸವಿಲ್ಲದ ಹಿರಿಯರಿಗೆ ತಪ್ಪಿಹೋಗುತ್ತದೆ. ಅದು ತಪ್ಪಿದರೆ ಮುಂದಿನ ಕಥೆಯೆಲ್ಲ ತಪ್ಪಿತು. ಹೀಗಾಗಿ ಈ ಒಂದು ಜಾಗದಲ್ಲಿ, ‘ಬಾಗಿಲು ಹಾಕಿದ ಸದ್ದು ಅವಳಿಗೆ ಕೇಳಿತು, ಕಾರಿನವನೆಂದು ತಿಳಿದುಕೊಂಡಳು’ ಎಂಬ ಒಂದು ವಾಕ್ಯವನ್ನು ನಾನೇ ಸೇರಿಸಿ ಓದಿಸುತ್ತೇನೆ.

ಕುಡಿದ ಶ್ರೀಮಂತನ ಭಾಗಕ್ಕೆ ನಮ್ಮ ಕಡೆ ಯಾವ ವಿವರಣೆಯೂ ಬೇಕಾಗಿಲ್ಲ. ಹೆಂಡತಿ ಬಿಟ್ಟುಹೋದ ದುಃಖದಲ್ಲಿ ಕೊರಳಿಗೆ ಕಲ್ಲು ಕಟ್ಟಿಕೊಂಡು ನದಿಗೆ ಬೀಳಹೊರಟವನನ್ನು ಅಲೆಮಾರಿ ಉಳಿಸುತ್ತಾನೆ. ಆ ಗಲಾಟೆಯಲ್ಲಿ ತಾನೇ ನೀರಿಗೆ ಬೀಳುತ್ತಾನೆ. ಅಂದಿನಿಂದ ಆ ಶ್ರೀಮಂತ ಕುಡಿದಾಗಲೆಲ್ಲ ಇವನನ್ನು ಅಪ್ಪಿ ಅಣ್ಣತಮ್ಮನಂತೆ ಕಾಣುತ್ತಾನೆ, ಮನೆಗೆ ಕರೆದೊಯ್ಯುತ್ತಾನೆ, ತನ್ನ ಕಾರನ್ನೇ ಕೊಡುತ್ತಾನೆ. ಬೆಳಿಗ್ಗೆ ಅಮಲು ಇಳಿದೊಡನೆ ಗುರುತೇ ಸಿಗದೆ ಆಳಿನ ಕೈಯಲ್ಲಿ ಹೊರಗೆ ಹಾಕಿಸುತ್ತಾನೆ. ಲೈನ್ ಮನೆಯಿಂದ ಬಂದ ಗಂಡಸರು ಅತಿ ಹೆಚ್ಚು ನಗುವುದು ಇಲ್ಲಿಯೇ. ರಾತ್ರಿಯ ಮಾತು ಬೆಳಿಗ್ಗೆಗೆ ನಿಲ್ಲದಿರುವುದನ್ನು ಅವರು ಬಾಳಿನಲ್ಲಿ ಕಂಡವರು. ಚಿತ್ರದಲ್ಲಿ ಅಲೆಮಾರಿಯನ್ನು ಹೊರಗಿಡುವವರೆಲ್ಲ ದುಷ್ಟರೇನಲ್ಲ. ಈ ಶ್ರೀಮಂತನಂತೂ ಒಳಗೊಳಗೇ ಒಳ್ಳೆಯವನು, ಆದರೆ ಆ ಒಳ್ಳೆಯತನ ಎಚ್ಚರವಿರುವಾಗ ಅವನ ಕೈಗೆ ಬರುವುದಿಲ್ಲ. ಈ ಪಾತ್ರವನ್ನು ಕೆಟ್ಟವನನ್ನಾಗಿ ಮಾಡದೆ ಹೀಗೆ ಮಾಡಿರುವುದಕ್ಕಾಗಿಯೇ ನಾನು ಚಾಪ್ಲಿನ್ನರನ್ನು ಬಹಳ ಗೌರವಿಸುತ್ತೇನೆ.

ಹುಡುಗಿಗೆ ಜ್ವರ ಬಂದು ಅವಳ ಸಂಪಾದನೆ ನಿಂತಾಗ ಅಲೆಮಾರಿ ಬೀದಿ ಗುಡಿಸುವ ಕೆಲಸಕ್ಕೆ ಸೇರುತ್ತಾನೆ. ಪ್ರಾಣಿಗಳು ಹೋದ ದಾರಿಯನ್ನು ಶುಚಿ ಮಾಡುವುದು ಅವನ ಪಾಲಿನ ಕೆಲಸ. ಹೇಸರಗತ್ತೆಗಳ ಹಿಂಡು ಬರುವುದನ್ನು ಕಂಡು ಬೇರೆ ದಾರಿ ಹಿಡಿದರೆ ಅಲ್ಲಿ ಎದುರಿಗೆ ಆನೆಯೊಂದು ಹಾದುಹೋಗುತ್ತದೆ. ಆನೆಯ ಲದ್ದಿ ಎಷ್ಟಿರುತ್ತದೆಂದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಶಾಲೆಗೆ ಬರುವ ದಾರಿಯಲ್ಲಿ ಅದನ್ನು ದಾಟಿಕೊಂಡೇ ಬರುತ್ತಾರೆ. ಚಾವಣಿ ಹಾರುವಷ್ಟು ನಗು ಬರುವುದು ಈ ಕ್ಷಣದಲ್ಲಿ, ಪ್ರತಿ ಬಾರಿಯೂ. ಬೀದಿ ಗುಡಿಸುವವನನ್ನು ಕಂಡು ನಗಬಹುದೇ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದ್ದರು. ಅವರ ಪ್ರಶ್ನೆ ನ್ಯಾಯವಾದದ್ದು. ಆದರೆ ಅದೇ ಕೋಣೆಯಲ್ಲಿ ತೋಟದಲ್ಲಿ ಗೊಬ್ಬರ ಹೊರುವವರೂ ಕೊಟ್ಟಿಗೆ ಬಳಿಯುವವರೂ ಕುಳಿತಿರುತ್ತಾರೆ, ಅವರ ನಗುವೇ ಎಲ್ಲರಿಗಿಂತ ದೊಡ್ಡದಾಗಿರುತ್ತದೆ. ಅವರು ಅವನನ್ನು ನೋಡಿ ನಗುತ್ತಿಲ್ಲ, ಆ ಕೆಲಸದ ಪಾಡನ್ನು ಅವನೊಡನೆ ಹಂಚಿಕೊಂಡು ನಗುತ್ತಿದ್ದಾರೆಂದು ನಾನು ತಿಳಿದಿದ್ದೇನೆ.

ಆಮೇಲೆ ಹಣಕ್ಕಾಗಿ ಅವನು ಇಳಿಯುವ ಕುಸ್ತಿಯಂಥ ಬಾಕ್ಸಿಂಗ್ ಪಂದ್ಯ ದೀರ್ಘವಾಗಿದ್ದರೂ ಎಲ್ಲಿಯೂ ಬೇಸರ ತರಿಸುವುದಿಲ್ಲ. ಕಳ್ಳರು ಶ್ರೀಮಂತನ ಮನೆಗೆ ನುಗ್ಗುವ ಭಾಗ ಮಾತ್ರ ನಮ್ಮ ಪ್ರೇಕ್ಷಕರಿಗೆ ಗೊಂದಲ ಮಾಡುತ್ತದೆ. ಹುಡುಗಿಯ ಕಣ್ಣಿನ ಚಿಕಿತ್ಸೆಗೆಂದು ಶ್ರೀಮಂತ ಕುಡಿದ ಮಂಪರಿನಲ್ಲಿ ಸಾವಿರ ಡಾಲರ್ ಕೊಟ್ಟಿರುತ್ತಾನೆ. ಅದೇ ವೇಳೆಗೆ ಕಳ್ಳರು ಅವನ ತಲೆಗೆ ಹೊಡೆಯುತ್ತಾರೆ. ಪೊಲೀಸರು ಬಂದಾಗ ಅವನಿಗೆ ಎಚ್ಚರವಾಗಿ, ಹಣ ಕೊಟ್ಟದ್ದು ನೆನಪಿರುವುದಿಲ್ಲ. ಹಣ ನ್ಯಾಯವಾಗಿ ಬಂದದ್ದೆಂಬುದು ನೋಡುವವರೆಲ್ಲರಿಗೂ ಖಚಿತವಾಗಿ ತಿಳಿದಿರಬೇಕು. ಆದ್ದರಿಂದ ಇಲ್ಲಿ ಎರಡನೆಯ ಬಾರಿ, ‘ಕೊಟ್ಟದ್ದು ಯಜಮಾನನಿಗೆ ನೆನಪಿಲ್ಲ’ ಎಂಬ ವಾಕ್ಯವನ್ನು ಸೇರಿಸಿದ್ದೇನೆ. ಅಲೆಮಾರಿ ಹಣದೊಡನೆ ಓಡಿ ಹೋಗಿ ಹುಡುಗಿಯ ಕೈಗಿಡುತ್ತಾನೆ. ತನಗೆಂದು ಒಂದು ನೋಟನ್ನು ಜೇಬಿಗೆ ಹಾಕಿಕೊಂಡವನು, ಅವಳು ಅವನ ಕೈಗೆ ಮುತ್ತಿಟ್ಟಾಗ ಅದನ್ನೂ ತೆಗೆದು ಕೊಟ್ಟುಬಿಡುತ್ತಾನೆ. ಆ ಒಂದು ನೋಟಿನ ವಿವರ ಇಲ್ಲದೆ ಹೋಗಿದ್ದರೆ ಅವನು ದೇವರಂಥ ಪಾತ್ರವಾಗಿ ನಮ್ಮಿಂದ ದೂರವಾಗುತ್ತಿದ್ದ. ಹಸಿವಿರುವ ಮನುಷ್ಯ ಅವನು, ಒಂದು ನೋಟು ಬೇಕೆಂದು ಅವನಿಗೂ ಅನಿಸುತ್ತದೆ.

ಕಳ್ಳನೆಂದು ಹಿಡಿದೊಯ್ದ ಅವನ ಹಿಂದೆ ಸೆರೆಮನೆಯ ಬಾಗಿಲು ಮುಚ್ಚಿದ ಮೇಲೆ ತಿಂಗಳುಗಳು ಉರುಳಿ, ಅವನು ಹೊರಬರುವಾಗ ಬಟ್ಟೆ ಚಿಂದಿಯಾಗಿದೆ, ಕೈಯಲ್ಲಿ ಬೆತ್ತವಿಲ್ಲ, ನಡಿಗೆಯಲ್ಲಿದ್ದ ಠೀವಿ ಹೋಗಿದೆ. ಹುಡುಗಿಗೆ ದೃಷ್ಟಿ ಬಂದಿದೆ. ಅಜ್ಜಿಯೊಡನೆ ದೊಡ್ಡ ಹೂವಿನ ಅಂಗಡಿ ನಡೆಸುತ್ತಿದ್ದಾಳೆ. ಅಂಗಡಿಗೆ ಬಂದ ಒಬ್ಬ ಸುಂದರ ಧನಿಕನನ್ನು ಕಂಡು ಇವನೇ ಅವನಿರಬಹುದೇ ಎಂದು ಒಂದು ಗಳಿಗೆ ಆಸೆಪಡುತ್ತಾಳೆ. ಬೀದಿಯಲ್ಲಿ ಪತ್ರಿಕೆ ಮಾರುವ ಹುಡುಗರು ಅಲೆಮಾರಿಯನ್ನು ಪೀಡಿಸುತ್ತಾರೆ, ಅವನ ಹರಿದ ಬಟ್ಟೆಯನ್ನು ಎಳೆಯುತ್ತಾರೆ. ಗಾಜಿನ ಒಳಗಿನಿಂದ ಹುಡುಗಿ ಅದನ್ನು ನೋಡಿ ನಗುತ್ತಾಳೆ. ನಮ್ಮ ಕೋಣೆಯಲ್ಲೂ ಈ ಹೊತ್ತಿಗೆ ಇನ್ನೂ ನಗು ಇರುತ್ತದೆ, ಏಕೆಂದರೆ ಆ ಮನುಷ್ಯ ಬಿದ್ದಾಗಲೂ ಒದೆ ತಿಂದಾಗಲೂ ನಗುವುದು ನಮಗೆ ಅಭ್ಯಾಸವಾಗಿದೆ. ಅವನು ಚರಂಡಿಯ ಅಂಚಿನಿಂದ ಒಂದು ಬಿದ್ದ ಹೂವನ್ನು ಎತ್ತಿಕೊಂಡು ತಿರುಗಿದಾಗ ಅವಳನ್ನು ಕಾಣುತ್ತಾನೆ. ಅವನ ಮುಖದಲ್ಲಿ ನಗೆ ಅರಳುತ್ತದೆ, ಕೈಯಲ್ಲಿರುವ ಹೂವಿನ ಎಸಳು ಉದುರುತ್ತವೆ. ಅವಳಿಗೆ ಮಾತ್ರ ಅದು ಇನ್ನೂ ತಮಾಷೆ. ಕೋಣೆಯ ನಗು ಇಲ್ಲಿ ಒಮ್ಮೆಗೇ ನಿಲ್ಲುವುದಿಲ್ಲ. ಮೊದಲು ಹಿರಿಯ ಹೆಂಗಸರ ಕಡೆ ನಿಲ್ಲುತ್ತದೆ, ಆಮೇಲೆ ಹುಡುಗಿಯರ ಕಡೆ, ಕಡೆಗೆ ಹಿಂದೆ ಕುಳಿತ ಹುಡುಗರಲ್ಲಿ. ಈ ಅರ್ಧ ನಿಮಿಷದಲ್ಲಿ ನಾನು ಗೋಡೆಯನ್ನು ನೋಡದೆ ನೋಡುವವರನ್ನೇ ನೋಡುತ್ತಿರುತ್ತೇನೆ. ಶುರುವಿನಿಂದ ಮರುಕದ ಮಾತನ್ನು ತಡೆದಿಟ್ಟುಕೊಂಡದ್ದು ಇಷ್ಟಕ್ಕಾಗಿಯೇ.

ಭಿಕ್ಷೆಯೆಂದು ಅವಳು ಹೊಸ ಹೂವನ್ನೂ ನಾಣ್ಯವನ್ನೂ ನೀಡುತ್ತಾಳೆ. ಅವನು ನಾಚಿ ಜಾರಿಕೊಳ್ಳಲು ನೋಡಿದಾಗ ಬಾಗಿಲಿಗೆ ಬಂದು, ಹೂ ಕೊಟ್ಟು, ಕೈಹಿಡಿದು ನಾಣ್ಯವನ್ನು ಅಂಗೈಯಲ್ಲಿಡುತ್ತಾಳೆ. ಕಣ್ಣಿಗೆ ಸಿಗದ ಗುರುತು ಆ ಕೈಯ ಸ್ಪರ್ಶಕ್ಕೆ ಸಿಗುತ್ತದೆ. ಅವಳ ಬೆರಳುಗಳು ಅವನ ಕೈಯಿಂದ ತೋಳಿಗೆ, ಕೋಟಿನ ಅಂಚಿಗೆ ಹೋಗುತ್ತವೆ. ಇಲ್ಲಿ ಬರುವ ಬರಹದ ಫಲಕಗಳನ್ನು ನಾವು ಓದುವುದಿಲ್ಲ. ಓದುವ ವಿದ್ಯಾರ್ಥಿನಿಗೆ ಹಾಳೆಯಲ್ಲಿ ಆ ಸಾಲುಗಳನ್ನು ನಾನು ಬರೆದೇ ಕೊಟ್ಟಿರುವುದಿಲ್ಲ. ಮಕ್ಕಳೂ ತಾವಾಗಿ ಪಿಸುಮಾತು ನಿಲ್ಲಿಸಿರುತ್ತಾರೆ. ಎರವರ ಅಜ್ಜಿಗಾಗಲಿ ಅಸ್ಸಾಮಿನ ತಾಯಿಗಾಗಲಿ ಆ ಎರಡು ಮುಖಗಳಲ್ಲಿ ನಡೆಯುತ್ತಿರುವುದನ್ನು ಯಾರೂ ಹೇಳಬೇಕಿಲ್ಲ.

ಚಿತ್ರ ಮುಗಿದೊಡನೆ ದೀಪ ಹಾಕಬಾರದು, ವಂದನಾರ್ಪಣೆ ಕೂಡದು. ಟಾರ್ಪಾಲುಗಳನ್ನು ಒಂದೊಂದಾಗಿ ಬಿಚ್ಚಿಸುತ್ತ, ಚಹಾ ಹಂಚಿಸುತ್ತ, ಜನ ತಾವಾಗಿ ಮಾತಿಗೆ ಶುರುವಾಗುವವರೆಗೆ ಕಾಯುತ್ತೇನೆ. ‘ಇದರಿಂದ ನಾವು ಕಲಿಯುವ ಪಾಠವೇನು’ ಎಂದು ಕೇಳುವುದಿಲ್ಲ, ಏಕೆಂದರೆ ಆ ಪ್ರಶ್ನೆಗೆ ಮಕ್ಕಳಲ್ಲಿ ಸಿದ್ಧ ಉತ್ತರಗಳಿವೆ, ಅವನ್ನು ಒಪ್ಪಿಸಿ ಮುಗಿಸಿಬಿಡುತ್ತಾರೆ. ನಾನು ಕೇಳುವುದು ಕಥೆಯ ಒಳಗಿನ ಪ್ರಶ್ನೆಗಳನ್ನು: ಅವನು ಅಂಗಡಿಯ ಮುಂದೆಯೇ ಏಕೆ ಬಂದ, ಅವಳನ್ನು ಹುಡುಕಿ ಬಂದನೇ? ಅವಳು ಕೈಬಿಟ್ಟಳೇ, ಹಿಡಿದುಕೊಂಡೇ ಇದ್ದಳೇ? ಒಮ್ಮೆ ಹಾಡಿಯಿಂದ ಬಂದಿದ್ದ ಹಿರಿಯರೊಬ್ಬರು ನನ್ನ ಪ್ರಶ್ನೆಯನ್ನು ಬದಿಗಿಟ್ಟು ತಾವೇ ಕೇಳಿದರು: “ಜೈಲಿಂದ ಬಂದ ದಿನ ಅವ ಎಲ್ಲಿ ಮಲಗಿದ ಟೀಚರೇ? ಊಟ ಯಾರು ಹಾಕಿದ್ರು?” ಚಿತ್ರದಲ್ಲಿ ಅದಿಲ್ಲ. ನಾನು ಇಲ್ಲವೆಂದೇ ಹೇಳಿದೆ. ಅವರ ಪಕ್ಕದಲ್ಲಿದ್ದ ಸಣ್ಣ ಬೆಳೆಗಾರರ ಮನೆಯ ತಾಯಿ, “ಹೌದಲ್ಲ, ಅದನ್ನು ನಾನು ಯೋಚಿಸಲೇ ಇಲ್ಲ ಅಜ್ಜಿ” ಎಂದರು. ಆಮೇಲೆ ಅವರಿಬ್ಬರೂ ಆ ಮಾತನ್ನು ತಮ್ಮಷ್ಟಕ್ಕೆ ಬಹಳ ಹೊತ್ತು ಮುಂದುವರಿಸಿದರು. ಅಂದಿನಿಂದ ಆ ಪ್ರಶ್ನೆಯನ್ನು ನಾನು ಪ್ರತಿ ಬಾರಿಯೂ ಕೇಳುತ್ತೇನೆ.

ಚಾಪ್ಲಿನ್ನರ ಬದುಕಿನ ಸಂಗತಿಗಳನ್ನು ಹೇಳುವುದು ಇದೆಲ್ಲ ಆದ ಮೇಲೆ. 1889ರಲ್ಲಿ ಹುಟ್ಟಿದ ಅವರು ಏಳು ವರ್ಷದವರಿದ್ದಾಗ, 1896ರಲ್ಲಿ, ತಾಯಿ ಮತ್ತು ಅಣ್ಣ ಸಿಡ್ನಿಯೊಡನೆ ಲಂಡನ್ನಿನ ಲ್ಯಾಂಬೆತ್‌ನಲ್ಲಿದ್ದ ನಿರ್ಗತಿಕರ ದುಡಿಮೆಮನೆಯನ್ನು ಸೇರಬೇಕಾಯಿತು. ಅಲ್ಲಿ ತಾಯಿಯಿಂದ ಮಕ್ಕಳನ್ನು ಬೇರ್ಪಡಿಸಲಾಯಿತು. ಆಮೇಲೆ ತಾಯಿಗೆ ಮಾನಸಿಕ ಕಾಯಿಲೆ. ತಂದೆ ಕುಡಿತದಿಂದ ಕಿರಿಯ ವಯಸ್ಸಿಗೇ ತೀರಿಕೊಂಡರು. ಇದನ್ನು ಮೊದಲೇ ಹೇಳಿದರೆ ಮಕ್ಕಳು ಚಿತ್ರವನ್ನು ಮರುಕದ ಕಣ್ಣಿನಿಂದ ನೋಡುತ್ತಾರೆ. ಕೊನೆಗೆ ಹೇಳಿದರೆ, ಮಲಗಲು ಜಾಗ ಹುಡುಕುವವನ ದೃಶ್ಯವನ್ನೂ ಕುಡುಕ ಶ್ರೀಮಂತನ ದೃಶ್ಯವನ್ನೂ ಬರೆದವನು ಎಂಥ ಮನೆಯಿಂದ ಬಂದವನೆಂದು ಅವರೇ ಹಿಂದಕ್ಕೆ ಹೋಗಿ ಜೋಡಿಸಿಕೊಳ್ಳುತ್ತಾರೆ.

ಹತ್ತನೆಯ ತರಗತಿಯವರಿಗೆ ಇನ್ನೊಂದನ್ನೂ ಹೇಳುವುದುಂಟು. ಈ ಚಿತ್ರದ ಬಿಡುಗಡೆಗೆಂದು ಯುರೋಪಿಗೆ ಬಂದಿದ್ದ ಚಾಪ್ಲಿನ್ 1931ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬಡವರ ಬಡಾವಣೆಯೊಂದರಲ್ಲಿ ಗಾಂಧೀಜಿಯವರನ್ನು ಭೇಟಿಯಾದರು. ಅದಾಗಿ ಮೂರು ವರ್ಷದೊಳಗೆ, 1934ರಲ್ಲಿ, ಅಸ್ಪೃಶ್ಯತೆಯ ವಿರುದ್ಧದ ಹರಿಜನ ಯಾತ್ರೆಯಲ್ಲಿ ಗಾಂಧೀಜಿ ಕೊಡಗಿಗೆ ಬಂದರು. ಆಗ ನಮ್ಮ ಕಥೆಗಾರ್ತಿ ಕೊಡಗಿನ ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಸಮಾಜ ಹೊರಗಿಟ್ಟ ವಿಧವೆಯರ ಬಾಳನ್ನು ಅಷ್ಟು ಚಿಕ್ಕ ವಯಸ್ಸಿನಲ್ಲಿ ಕಥೆಯಾಗಿಸಿದವರು ಅವರು. ಅವರ ಕಥೆಯೊಂದನ್ನು ಮುಂದಿನ ವಾರ ಓದಿಸಲು ಇದು ನನಗೆ ಒಳ್ಳೆಯ ದಾರಿ ಮಾಡಿಕೊಡುತ್ತದೆ.

ಸೋಮವಾರ ಕನ್ನಡದ ಪಿರಿಯಡ್‌ನಲ್ಲಿ ಮಕ್ಕಳಿಗೆ ಒಂದೇ ಪ್ರಶ್ನೆಗೆ ಒಂದು ಪುಟ ಬರೆಯಲು ಹೇಳುತ್ತೇನೆ: ನಿನ್ನ ನಗು ಎಲ್ಲಿ ನಿಂತಿತು? ಉತ್ತರಗಳು ಒಂದೇ ಕಡೆ ಬೀಳುವುದಿಲ್ಲ. ಸೆರೆಮನೆಯ ಬಾಗಿಲಲ್ಲಿ ಎಂದು ಬರೆದವರಿದ್ದಾರೆ, ಆ ಕೊನೆಯ ನೋಟು ಕೊಟ್ಟಾಗ ಎಂದವರಿದ್ದಾರೆ, ಹುಡುಗರು ಬಟ್ಟೆ ಎಳೆದಾಗ ಎಂದವರಿದ್ದಾರೆ. ಒಬ್ಬಳು, ಮೊದಲ ದೃಶ್ಯದಲ್ಲಿಯೇ ತನಗೆ ನಗು ಬರಲಿಲ್ಲ, ತಾನೂ ಬಸ್ ನಿಲ್ದಾಣದಲ್ಲಿ ಅಪ್ಪನ ಜೊತೆ ಮಲಗಿದ್ದಾಗ ಎಬ್ಬಿಸಿ ಕಳುಹಿಸಿದ್ದರು ಎಂದು ಬರೆದಳು. ಇನ್ನೊಬ್ಬ ಹುಡುಗ, ತಾನು ಕೊನೆಯವರೆಗೂ ನಕ್ಕೆ, ಅಮ್ಮ ಅಳುತ್ತಿರುವುದನ್ನು ಕಂಡ ಮೇಲೆ ಚಿತ್ರವನ್ನು ಇನ್ನೊಮ್ಮೆ ನೋಡಬೇಕೆನಿಸಿತು, ತೋರಿಸುತ್ತೀರಾ ಎಂದು ಕೇಳಿದ್ದ. ಹುಡುಗಿಯ ಪುಟವನ್ನು ಅವಳ ಒಪ್ಪಿಗೆಯಿಲ್ಲದೆ ಯಾರಿಗೂ ತೋರಿಸಲಿಲ್ಲ. ಹುಡುಗನಿಗಾಗಿ ಮುಂದಿನ ಶನಿವಾರ ಕೊನೆಯ ಅರ್ಧ ಗಂಟೆಯ ಚಿತ್ರವನ್ನು ಮತ್ತೆ ಹಾಕಿದೆ; ಅವನೊಬ್ಬನಿಗೆಂದು ಇಟ್ಟದ್ದಕ್ಕೆ ತರಗತಿಯ ಹೆಚ್ಚಿನವರೆಲ್ಲ ಬಂದು ಕುಳಿತರು, ಹಾಳೆ ಓದುವ ಕೆಲಸವನ್ನು ಈ ಸಲ ಅವನೇ ಕೇಳಿ ತೆಗೆದುಕೊಂಡ.